ಮಲ್ಕೀಯನ ಭರಣಿಯನ್ನು ಎರಡು ಸಲ ಓದಿದವರು: ಪ್ರೊ. ಎಲಿಶೆವ ಖಲ್ಫೋನ್

ಯೆಹೂದ್ಯರು ಒಂದು ಜನವಾಗಿ ರೂಪುಗೊಂಡ ಕಾಲದ ಇತಿಹಾಸವನ್ನು ಬರೆಯುವವರಲ್ಲಿ ನಮ್ಮ ನಾಡಿನಲ್ಲಿ ಎರಡು ಬಗೆಯವರು ಬಹಳ ಹಿಂದಿನಿಂದಲೂ ಇದ್ದಾರೆ. ಧರ್ಮಗ್ರಂಥವನ್ನು ಒಂದು ಕೈಯಲ್ಲೂ ಗುದ್ದಲಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು, ಗ್ರಂಥ ಹೇಳಿದ್ದೆಲ್ಲ ನೆಲದಲ್ಲಿ ಸಿಕ್ಕೇ ಸಿಗುತ್ತದೆಂದು ಹೊರಟವರು ಒಂದು ಬಗೆ. ನೆಲದಲ್ಲಿ ಸಿಗದ್ದೆಲ್ಲ ಕಟ್ಟುಕತೆಯೆಂದು ಷರಾ ಬರೆದು ಮೇಲೇಳುವವರು ಇನ್ನೊಂದು ಬಗೆ. ಈ ಇಬ್ಬರಿಗೂ ಸಮಾನವಾಗಿ ಬೇಸರ ತರಿಸುತ್ತ, ಮೂವತ್ತೆಂಟು ವರ್ಷ ಯೆರೂಸಲೇಮಿನ ನಮ್ಮ ವಿಭಾಗದಲ್ಲಿ ಪ್ರಾಚೀನ ಹೀಬ್ರೂ ಬರಹಗಳನ್ನು ಓದಿ, ಓದಿಸಿ, ಈ ವರ್ಷ ನಿವೃತ್ತರಾಗುತ್ತಿರುವವರು ಪ್ರೊಫೆಸರ್ ಎಲಿಶೆವ ಖಲ್ಫೋನ್. ಅವರಿಗೆ ಅರ್ಪಿತವಾಗುತ್ತಿರುವ ಈ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ಅವರ ಶಿಷ್ಯನೂ ಆಮೇಲೆ ಸಹೋದ್ಯೋಗಿಯೂ ಆದ ನನಗೆ ದೊರೆತದ್ದು ಸಂತೋಷದ ಸಂಗತಿ. ಹೊಗಳಿಕೆಯನ್ನು ಕಂಡರೆ ಕೆಂಪು ಪೆನ್ನು ತೆಗೆಯುವವರ ಬಗ್ಗೆ ಬರೆಯುತ್ತಿದ್ದೇನೆಂಬ ಎಚ್ಚರವೂ ನನಗಿದೆ.

ಎಲಿಶೆವ ಅವರ ಕಣ್ಣು ಯಾವಾಗಲೂ ಅರಮನೆ ದೇವಾಲಯಗಳನ್ನು ದಾಟಿ ಅಡುಗೆಮನೆಯ ಕಡೆಗೆ ಹೊರಳುತ್ತಿತ್ತು. ಸುಮಾರು ಮೂರು ಸಾವಿರದ ಇನ್ನೂರು ವರ್ಷಗಳ ಹಿಂದೆ ಬೆಟ್ಟಸೀಮೆಯಲ್ಲಿ ಹತ್ತಿಪ್ಪತ್ತು ಮನೆಗಳ ಹಳ್ಳಿ ಕಟ್ಟಿಕೊಂಡು, ಬಂಡೆ ಕೊರೆದು ಮಳೆನೀರು ಹಿಡಿದು, ಹಂದಿ ಸಾಕದೆ, ಕುರಿ ಮೇಯಿಸಿ ಬಾರ್ಲಿ ಬೆಳೆದ ಆ ಸಾಮಾನ್ಯರು ಯಾವಾಗ ತಮ್ಮನ್ನು ಇಸ್ರಾಯೇಲ್ ಎಂದು ಕರೆದುಕೊಂಡರು, ಹಲವು ದೇವರುಗಳ ನಡುವಿನಿಂದ ಒಬ್ಬನನ್ನೇ ಹೇಗೆ ಆರಿಸಿಕೊಂಡರು, ದೇವಾಲಯ ಸುಟ್ಟು ಬಾಬೆಲಿಗೆ ಸೆರೆಹೋದ ಮೇಲೂ ಆ ಒಬ್ಬನನ್ನು ಹೇಗೆ ಬಿಡದೆ ಉಳಿಸಿಕೊಂಡರು ಎಂಬುದೇ ಅವರ ಬದುಕಿನುದ್ದದ ಪ್ರಶ್ನೆ. ಉತ್ತರವನ್ನು ಅವರು ಹುಡುಕಿದ್ದು ಮಡಕೆ ಚೂರುಗಳ ಮೇಲೆ ಯಾರೋ ಗೀಚಿದ ಹೆಸರುಗಳಲ್ಲಿ.

೧೯೫೬ರಲ್ಲಿ, ಯೆಹೂದದ ತಗ್ಗುಸೀಮೆಯ ಎನ್ ಖರೂವ್ ಎಂಬ ಊರಿನಲ್ಲಿ ಅವರು ಹುಟ್ಟಿದರು. ಊರಿನವರೆಲ್ಲ ಟ್ರಿಪೊಲಿಯಿಂದ ಒಂದೇ ಹಡಗಿನಲ್ಲಿ ಬಂದವರು. ತಂದೆ ಊರಿನ ಪ್ರಾರ್ಥನಾಮಂದಿರದಲ್ಲಿ ತೋರಾ ಓದುತ್ತಿದ್ದವರು. ಆ ಧರ್ಮಗ್ರಂಥದ ಐದು ಪುಸ್ತಕಗಳೂ ಬಾಯಿಪಾಠ. ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲೇ ಮಗಳು ಮನೆಗೆ ಬಂದು, ಐಗುಪ್ತದಿಂದ, ಎಂದರೆ ಈಜಿಪ್ಟಿನಿಂದ, ಆರು ಲಕ್ಷ ಜನ ಹೊರಟು ಮರಳುಗಾಡು ದಾಟಿದ ಗುರುತು ಎಲ್ಲೂ ಸಿಕ್ಕಿಲ್ಲವೆಂದು ಹೇಳಿದಾಗ ನಡೆದ ಮಾತನ್ನು ಅವರು ತರಗತಿಯಲ್ಲಿ ಹಲವು ಸಲ ಹೇಳಿದ್ದಾರೆ.

“ಹಾಗಾದ್ರೆ ಪೆಸಖ್ ಹಬ್ಬದಲ್ಲಿ ಮೇಜಿನ ಸುತ್ತ ಕೂತು ನಾವು ಯಾರ ಕತೆ ಹೇಳ್ತಿದ್ದೀವಿ?” ಎಂದು ತಂದೆ ಕೇಳಿದರಂತೆ. ಹಿಟ್ಟು ಹುಳಿ ಬರುವ ತನಕವೂ ಕಾಯದೆ ಹಿರಿಯರು ಐಗುಪ್ತ ಬಿಟ್ಟು ಹೊರಟ ಕತೆಯನ್ನು ಹೇಳುವ ಹಬ್ಬ ಅದು.

“ನಮ್ಮದೇ ಕಣಪ್ಪಾ. ಮನೆ ಮಠ ಬಿಟ್ಟು, ಹಿಟ್ಟು ಹುಳಿ ಬರೋಕೂ ಕಾಯದೆ ಟ್ರಿಪೊಲಿಯಿಂದ ಹೊರಟು ಬಂದೋನು ನೀನೇ ಅಲ್ವಾ?”

ಅದಕ್ಕೆ ತಂದೆ, “ಉತ್ತರ ಚೆನ್ನಾಗಿದೆ. ಆದ್ರೆ ಇದನ್ನ ಮಂದಿರದಲ್ಲಿ ಹೇಳ್ಬೇಡ,” ಎಂದರಂತೆ.

ಡಾಕ್ಟರೇಟ್ ಮುಗಿಸಿ ೧೯೮೬ರಲ್ಲಿ ನಮ್ಮ ವಿಭಾಗಕ್ಕೆ ಸೇರಿದ ವರ್ಷವೇ ಅವರು ತಮ್ಮ ಊರಿನ ಪಕ್ಕದ ದಿಬ್ಬದಲ್ಲಿ ಉತ್ಖನನ ಆರಂಭಿಸಿದರು. ಅಗೆಯಲು ಬಂದವರೆಲ್ಲ ಊರಿನವರೇ. ಅವರಲ್ಲಿ ಮುಂದಾಳು ರಖಾಮಿಮ್ ಎಂಬವರು. ಎಲಿಶೆವ ಅವರ ಬಾಲ್ಯದ ನೆರೆಮನೆಯವರು, ದ್ರಾಕ್ಷಿ ತೋಟದ ಒಡೆಯರು, ಬಿಗಿಯಾದ ಆಚಾರದವರು, ಅದಕ್ಕಿಂತ ಬಿಗಿಯಾದ ನಾಲಿಗೆಯವರು. ಎರಡನೆಯ ವರ್ಷ, ಮೇಲಿನ ಪದರದ ಮನೆಯೊಂದರಲ್ಲಿ ಕೈಗಳಿಂದ ಎದೆಯನ್ನು ಹಿಡಿದು ನಿಂತ ಹೆಣ್ಣಿನ ಮಣ್ಣಿನ ಬೊಂಬೆ ಸಿಕ್ಕಿತು. ರಖಾಮಿಮ್ ಅದನ್ನು ಮುಟ್ಟಲಿಲ್ಲ.

“ಇದು ಕಾನಾನ್ಯರದ್ದು ಅಂತ ಬರ್ಕೋ,” ಎಂದರು.

“ಮನೆ ನಮ್ಮವರದ್ದು, ಒಲೆ ನಮ್ಮವರದ್ದು, ಬೊಂಬೆ ಮಾತ್ರ ಪಕ್ಕದವರದ್ದಾ?”

“ನಮ್ಮ ಹಿರೀಕರು ಬೊಂಬೆ ಪೂಜೆ ಮಾಡ್ತಿದ್ರು ಅಂತೀಯಾ ನೀನು? ಖಲ್ಫೋನನ ಮಗಳಾಗಿ?”

“ನಾನೆಲ್ಲಿ ಅಂದೆ? ಪ್ರವಾದಿಗಳು ಅಂದಿದ್ದಾರೆ. ಯೆರೆಮೀಯ ಗಂಟಲು ಹರ್ಕೊಂಡು ಬೈದದ್ದು ಯಾರನ್ನ ಅಂದ್ಕೊಂಡಿದ್ಯಾ? ನಮ್ಮನ್ನೇ ಕಣೋ ರಖಾಮಿಮ್. ಹೇಳಿದ ಮಾತು ಕೇಳೋ ಜನ ಆಗಿದ್ರೆ ಅಷ್ಟು ದೊಡ್ಡ ಪುಸ್ತಕ ಬೇಕಾಗ್ತಿತ್ತಾ?”

ಅಂದು ರಖಾಮಿಮ್ ನಕ್ಕರೆಂದೂ, ನಕ್ಕದ್ದಕ್ಕೆ ಆಮೇಲೆ ಪಶ್ಚಾತ್ತಾಪಪಟ್ಟರೆಂದೂ ಪ್ರತೀತಿ.

ಮೂರನೆಯ ವರ್ಷ, ೧೯೮೮ರ ಬೇಸಿಗೆಯಲ್ಲಿ, ಅದಕ್ಕಿಂತ ಮೂರು ಪದರ ಕೆಳಗೆ, ದಾವೀದ ಸೊಲೊಮೋನರದೆಂದು ಗ್ರಂಥ ಹೇಳುವ ಕಾಲದ ನೆಲದಲ್ಲಿ, ದೊಡ್ಡ ಭರಣಿಯೊಂದರ ಭುಜದ ಚೂರು ಸಿಕ್ಕಿತು. ಹಸಿಮಣ್ಣಿನಲ್ಲೇ ಕೊರೆದ ನಾಲ್ಕು ಅಕ್ಷರ: ಲಾಮೆದ್, ಮೇಮ್, ಲಾಮೆದ್, ಕಾಫ್. ಎಡಕ್ಕೆ ಚೂರು ಮುರಿದಿತ್ತು. ಬಲದಿಂದ ಎಡಕ್ಕೆ ಓದಿದರೆ ಲ-ಮ-ಲ-ಕ, ಅದರ ಅರ್ಥ “ರಾಜನಿಗೆ”. ಎಣ್ಣೆಯನ್ನೋ ದ್ರಾಕ್ಷಾರಸವನ್ನೋ ತುಂಬಿ ರಾಜನಿಗೆ ಕಳಿಸುತ್ತಿದ್ದ ಭರಣಿಯೆಂದ ಮೇಲೆ ರಾಜನಿದ್ದ, ಅವನ ಉಗ್ರಾಣವಿತ್ತು, ಕಂದಾಯವಿತ್ತು. ಅಷ್ಟು ಹಿಂದೆಯೇ ಯೆಹೂದದಲ್ಲಿ ರಾಜ್ಯವೊಂದು ನೆಲೆಗೊಂಡಿತ್ತು. ಮರುವರ್ಷ ಎಲಿಶೆವ ಅವರು ಪ್ರಕಟಿಸಿದ ಹದಿನಾಲ್ಕು ಪುಟದ ಲೇಖನ ಈ ಕಾಲದ ಚರ್ಚೆಯನ್ನೇ ತಿರುಗಿಸಿತು. ಶಾಲೆಯ ಪಠ್ಯಪುಸ್ತಕಗಳಲ್ಲಿ ಆ ಚೂರಿನ ಚಿತ್ರ ಅಚ್ಚಾಯಿತು. ಮೂವತ್ಮೂರರ ವಯಸ್ಸಿಗೆ ಅವರು ಹೆಸರುವಾಸಿಯಾದರು.

ಅಲ್ಲಿಂದ ಹತ್ತು ವರ್ಷದ ನಂತರ ನಾನು ಅವರ ಸಂಶೋಧನ ವಿದ್ಯಾರ್ಥಿಯಾಗಿ ಸೇರಿದಾಗ ನನಗೆ ವಹಿಸಿದ ಕೆಲಸ ವಿಭಾಗದ ಉಗ್ರಾಣದ್ದು. ಉತ್ಖನನದಲ್ಲಿ ಸಿಕ್ಕ, ಯಾರೂ ತಿರುಗಿ ನೋಡದ, ಮಡಕೆಗಳ ಬರಿಯ ಒಡಲಿನ ಚೂರುಗಳು ನೂರಾರು ಪೆಟ್ಟಿಗೆಗಳಲ್ಲಿದ್ದವು. ಅವುಗಳನ್ನು ತೊಳೆದು, ಬಣ್ಣ ದಪ್ಪ ನೋಡಿ ವಿಂಗಡಿಸಿ, ಪೆಟ್ಟಿಗೆಗೊಂದು ಕಾರ್ಡು ಬರೆದಿಡಬೇಕಾಗಿತ್ತು. ೧೯೯೯ರ ಫೆಬ್ರವರಿ ಎರಡನೆಯ ತಾರೀಖು, ಮಂಗಳವಾರ, ಬ್ರಷ್ಷಿನಡಿಯಲ್ಲಿ ಹೆಬ್ಬೆರಳಿನಗಲದ ಒಂದು ಚೂರು ಬಂತು. ಅದರ ಮೇಲೆ ಎರಡು ಅಕ್ಷರಗಳಿದ್ದವು: ಯೋದ್, ಹೇ. ಸುಣ್ಣದ ಹೊರಪೊರೆ ಕಟ್ಟಿದ್ದರಿಂದ ಹಿಂದೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಪಾಟಿನಿಂದ ಪ್ರಸಿದ್ಧ ಚೂರಿನ ಪ್ಲಾಸ್ಟರ್ ಪಡಿಯಚ್ಚನ್ನು ತಂದು ಪಕ್ಕದಲ್ಲಿಟ್ಟೆ. ಮುರಿದ ಅಂಚುಗಳು ಹಲ್ಲಿಗೆ ಹಲ್ಲು ಕೂಡಿದವು. ಈಗ ಅದು “ರಾಜನಿಗೆ” ಆಗಿರಲಿಲ್ಲ. “ಮಲ್ಕೀಯನದು” ಆಗಿತ್ತು. ಹೆಸರಿನ ಮುಂದೆ ಬರುವ ಲಾಮೆದ್ ಅಕ್ಷರಕ್ಕೆ ‘ಗೆ’ ಎಂದೂ ‘ದು’ ಎಂದೂ ಎರಡು ಅರ್ಥವಿದೆ. ಮಲ್ಕೀಯ ಎಂಬ ಯಾವನೋ ಮನೆಯೊಡೆಯ ತನ್ನ ಭರಣಿಯ ಮೇಲೆ ತನ್ನ ಹೆಸರು ಕೊರೆಸಿದ್ದ, ಅಷ್ಟೆ. ರಾಜನೂ ಇರಲಿಲ್ಲ, ಕಂದಾಯವೂ ಇರಲಿಲ್ಲ.

ಮುಂದಿನ ತಿಂಗಳು ನಾಲ್ಕನೆಯ ತಾರೀಖು ಆ ದಿಬ್ಬದಲ್ಲಿ ಸಂದರ್ಶಕರ ಕಟ್ಟಡದ ಉದ್ಘಾಟನೆ ಗೊತ್ತಾಗಿತ್ತು. ವಿಭಾಗದ ಮುಖ್ಯಸ್ಥರ ಆಯ್ಕೆಯೂ ಅದೇ ವಸಂತದಲ್ಲಿ. ಎಲಿಶೆವ ಅವರ ಹೆಸರೇ ಮುಂದಿತ್ತು. ನಾನು ಕಾರ್ಡಿನಲ್ಲಿ ತಾರೀಖು ಬರೆದೆ, ಚೂರನ್ನು ಹತ್ತಿಯಲ್ಲಿ ಸುತ್ತಿ ನನ್ನ ಮೇಜಿನ ಖಾನೆಯಲ್ಲಿಟ್ಟೆ, ಯಾರಿಗೂ ಹೇಳಲಿಲ್ಲ. ಅವರ ಮೇಲಿನ ಗೌರವದಿಂದ ಹಾಗೆ ಮಾಡಿದೆನೆಂದು ಆಗ ನನಗೆ ನಾನೇ ಹೇಳಿಕೊಂಡೆ. ನನ್ನ ಮಾರ್ಗದರ್ಶಕರು ಬಿದ್ದರೆ ನಾನೂ ಬೀಳುತ್ತೇನೆಂಬ ಭಯವೂ ಅದರಲ್ಲಿತ್ತೆಂದು ಇಂದು ಬರೆಯಬಲ್ಲೆ.

ಒಂಬತ್ತು ದಿನ ಕಳೆದವು. ಆ ಒಂಬತ್ತು ದಿನವೂ ಅವರು ಎಂದಿನಂತೆ ಉಗ್ರಾಣಕ್ಕೆ ಬಂದು, ಹೀಟರಿನ ಹತ್ತಿರ ಕೈ ಕಾಯಿಸಿಕೊಂಡು, ನನ್ನ ಕೆಲಸ ವಿಚಾರಿಸಿ ಹೋದರು. ಹನ್ನೊಂದನೆಯ ತಾರೀಖು, ಗುರುವಾರ, ನನ್ನಿಂದ ಆಗಲಿಲ್ಲ. ಖಾನೆ ತೆರೆದು ಹತ್ತಿಯನ್ನು ಅವರ ಮುಂದಿಟ್ಟೆ.

ಅವರು ಕನ್ನಡಕ ಬದಲಿಸಿ ನೋಡಿದರು. ಆಮೇಲೆ ತಾವೇ ಎದ್ದು ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ಮೂಲ ಚೂರನ್ನು ತಂದು, ಎರಡನ್ನೂ ಮರಳಿನ ತಟ್ಟೆಯಲ್ಲಿಟ್ಟು ನಿಧಾನವಾಗಿ ಒಂದಕ್ಕೊಂದು ಸರಿಸಿದರು.

“ಎಷ್ಟು ಚೆನ್ನಾಗಿ ಕೂತ್ಕೊಂಡಿತು ನೋಡು,” ಎಂದರು. ಧ್ವನಿಯಲ್ಲಿ ಏನೂ ಇರಲಿಲ್ಲ. ಆಮೇಲೆ ಕೇಳಿದರು: “ಯಾವತ್ತು ಸಿಕ್ತು?”

“ನಿನ್ನೆ,” ಎಂದೆ.

ಅವರು ಪೆಟ್ಟಿಗೆಯ ಕಾರ್ಡನ್ನು ಹೊರಗೆಳೆದು ಓದಿ, ಮತ್ತೆ ಅದರ ಜಾಗದಲ್ಲೇ ಇಟ್ಟರು.

“ಒಂಬತ್ತು ದಿನ ನನ್ನ ಮೇಲೆ ಕರುಣೆ ತೋರ್ಸಿದೀಯ, ನಫ್ತಾಲಿ. ಇನ್ನು ಮೇಲೆ ತೋರಿಸ್ಬೇಡ.”

ನನಗೆ ತಲೆಯೆತ್ತಲಾಗಲಿಲ್ಲ. “ನೀವೊಬ್ಬರೇ ಅಲ್ಲ, ಎಲ್ಲರೂ ಹಾಗೇ ಓದಿದ್ರು,” ಎಂದೆ.

“ಎಲ್ಲರೂ ನಾನು ಓದಿದ್ದನ್ನ ಓದಿದ್ರು. ಚೂರು ಓದಿದ್ದು ನಾನೊಬ್ಬಳೇ. ಎಡಕ್ಕೆ ಮುರಿದಿದೆ ಅಂತ ಕಣ್ಣಿಗೆ ಕಾಣ್ತಿತ್ತು. ಕಂಡರೂ ಅಲ್ಲಿಗೇ ಮುಗೀತು ಅಂತ ಬರೆದೆ. ಯಾಕೆ ಅಂದ್ರೆ ರಾಜ ಬೇಕಾಗಿತ್ತು ನಂಗೆ.”

ಅವರು ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅನಂತರ ಚಹಾ ಮಾಡಲು ಹೇಳಿದರು. ಚಹಾ ಕುಡಿಯುತ್ತ, ಮೊದಲ ವರ್ಷದ ತರಗತಿಯಲ್ಲಿ ಪಾಠ ಹೇಳುವ ರೀತಿಯಲ್ಲೇ ನನಗೊಂದು ಮಾತು ವಿವರಿಸಿದರು. ಯೋದ್, ಹೇ ಎಂದರೆ ಯಾಹ್. ನಾವು ಬಾಯಿಬಿಟ್ಟು ಉಚ್ಚರಿಸದ, ದೇವರ ಆ ಹೆಸರಿನ ಅರ್ಧ. ಮಲ್ಕೀಯ ಎಂದರೆ “ಯಾಹ್ ನನ್ನ ರಾಜ”. ಅಷ್ಟು ಹಳೆಯ ಪದರದಲ್ಲಿ, ಅರಮನೆಯಿಂದ ದೂರದ ಹಳ್ಳಿಮನೆಯಲ್ಲಿ, ಎಣ್ಣೆಯ ಭರಣಿಯ ಮೇಲೆ ಆ ಹೆಸರಿದೆಯೆಂದರೆ, ಈ ನಂಬಿಕೆ ರಾಜರೂ ಯಾಜಕರೂ ಮೇಲಿನಿಂದ ಹೊರಿಸಿದ್ದಷ್ಟೇ ಅಲ್ಲ; ತಾಯಿಯೊಬ್ಬಳು ತನ್ನ ಕೂಸಿಗೆ ಆ ಹೆಸರಿಟ್ಟು ಕರೆದಿದ್ದಳು.

“ಆದ್ರೆ ಇದನ್ನೂ ಜಾಸ್ತಿ ಎಳೀಬಾರದು,” ಎಂದು ಲೋಟ ಕೆಳಗಿಟ್ಟರು. “ಒಂದು ಭರಣಿ. ಒಬ್ಬ ಮನುಷ್ಯ. ಅಷ್ಟೇ ಬರೀಬೇಕು.”

ಮರುವಾರ, ಸುದ್ದಿ ತಿಳಿದು ರಖಾಮಿಮ್ ವಿಭಾಗಕ್ಕೇ ಬಂದರು. ಆಗ ಅವರು ಊರಿನ ಸಮಿತಿಯ ಅಧ್ಯಕ್ಷರು. ಕಟ್ಟಡಕ್ಕಾಗಿ ಆರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವರು. ಬಾಗಿಲು ತೆರೆದೇ ಇದ್ದುದರಿಂದ ಇಡೀ ಕಾರಿಡಾರಿಗೆ ಮಾತು ಕೇಳಿಸಿತು.

“ಬೋರ್ಡು ಎರಕ ಹೊಯ್ಸಿ ಆಗಿದೆ ಎಲಿಶೆವ! ಕಂಚಿನದು! ‘ರಾಜನ ದಿಬ್ಬ’ ಅಂತ ಇಷ್ಟಿಷ್ಟು ದಪ್ಪ ಅಕ್ಷರ! ಈಗ ಅದನ್ನೇನು ಮಾಡ್ಲಿ, ಕರಗಿಸಿ ಕುಸ್‌ಕುಸ್ ಪಾತ್ರೆ ಮಾಡಿಸ್ಲಾ?”

“ಮಾಡ್ಸು. ಊಟಕ್ಕೆ ನಾನೂ ಬರ್ತೀನಿ.”

“ತಮಾಷೆ ಸಾಕು. ನಮ್ಮೂರಿಗೆ ದಿನಕ್ಕೆ ಎರಡು ಬಸ್ಸು. ರಾಜ ಇದ್ದಾನೆ ಅಂದ್ರೆ ನಾಲ್ಕು ಮಾಡ್ತೀವಿ ಅಂದಿದ್ದಾರೆ. ಮಲ್ಕೀಯನ್ನ ನೋಡೋಕೆ ಯಾರು ಬರ್ತಾರೆ ಹೇಳು? ಮುಂದಿನ ವರ್ಷ ಬರ್ಕೋಬಾರ್ದಾ ಇದನ್ನ? ಮೂರು ಸಾವಿರ ವರ್ಷ ಕಾದೋನು ಇನ್ನೊಂದು ವರ್ಷ ಕಾಯಲ್ವಾ?”

“ಅವನು ಕಾಯ್ತಾನೆ. ನಾನು ಆ ದಿನ ವೇದಿಕೆ ಮೇಲೆ ನಿಂತು ಏನು ಹೇಳ್ಲಿ?”

“ಏನೂ ಹೇಳ್ಬೇಡ. ರಿಬ್ಬನ್ ಕತ್ತರಿಸು, ಕೆಳಗಿಳಿ.”

“ರಖಾಮಿಮ್, ತೋರಾ ಓದುವಾಗ ನಮ್ಮಪ್ಪ ಒಂದಕ್ಷರ ತಪ್ಪಿದ್ರೆ ನೀನು ಏನು ಮಾಡ್ತಿದ್ದೆ?”

ಓದುವವನು ಒಂದಕ್ಷರ ತಪ್ಪಿದರೂ ಸಭೆಯೆಲ್ಲ ಕೂಗಿ ನಿಲ್ಲಿಸಿ ಮತ್ತೆ ಓದಿಸುವುದು ನಮ್ಮ ಮಂದಿರಗಳ ಕ್ರಮ. ಹಾಗೆ ಕೂಗುವುದರಲ್ಲಿ ರಖಾಮಿಮ್ ಊರಿಗೇ ಹೆಸರಾದವರು. ಟೋಪಿ ಸರಿಪಡಿಸಿಕೊಂಡು, ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಹೋದರು.

ಮಾರ್ಚ್ ನಾಲ್ಕು, ಮಕ್ಕಳು ವೇಷ ತೊಡುವ ಪೂರಿಮ್ ಹಬ್ಬ ಮುಗಿದ ಎರಡನೆಯ ದಿನ. ಹಬ್ಬದಲ್ಲಿ ಉಳಿದ ಕಾಗದದ ಕಿರೀಟಗಳನ್ನು ಸಮಿತಿಯವರು ಶಾಲೆಯ ಮಕ್ಕಳಿಗೆಲ್ಲ ತೊಡಿಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಕಂಚಿನ ಫಲಕದ ಮೇಲೆ ಬಟ್ಟೆ ಹೊದೆಸಿತ್ತು. ಗಣ್ಯರ ಭಾಷಣಗಳಾದ ಮೇಲೆ ಎಲಿಶೆವ ಅವರು ಎದ್ದು, ಯಾವ ಪೀಠಿಕೆಯೂ ಇಲ್ಲದೆ, “ಹತ್ತು ವರ್ಷದ ಹಿಂದೆ ನಾನು ನಿಮಗೆ ಹೇಳಿದ್ದು ತಪ್ಪು,” ಎಂದು ಆರಂಭಿಸಿ, ಎರಡು ಚೂರುಗಳ ಚಿತ್ರ ತೋರಿಸಿ, ಏಳು ನಿಮಿಷದಲ್ಲಿ ಮುಗಿಸಿದರು. ಚಪ್ಪಾಳೆ ಬೀಳಲಿಲ್ಲ. ಗಣ್ಯರೊಬ್ಬರು ಗಡಿಯಾರ ನೋಡಿಕೊಂಡರು. ಆಗ ಮೂರನೆಯ ಸಾಲಿನಿಂದ ಮುದುಕಿಯೊಬ್ಬರ ಧ್ವನಿ ಬಂತು. ಎಲಿಶೆವ ಅವರ ತಾಯಿ ಮಸ್‌ಊದಾ.

“ಮಲ್ಕೀಯ ಅಂದ್ರೆ ಯಾರ ಮಗ?”

“ಗೊತ್ತಿಲ್ಲಮ್ಮ. ಅಪ್ಪನ ಹೆಸರಿದ್ದ ಚೂರು ಸಿಕ್ಕಿಲ್ಲ.”

“ಹಾಗಾದ್ರೆ ಹುಡುಕು. ಅಪ್ಪನ ಹೆಸರಿಲ್ಲದೆ ಹೇಗೆ ಬಿಡೋದು ಆ ಮನುಷ್ಯನ್ನ?”

ಜನ ನಕ್ಕರು. ಬಟ್ಟೆ ತೆಗೆಯದೆಯೇ ಸಮಾರಂಭ ಮುಗಿಯಿತು.

ಆಮೇಲಿನ ವರ್ಷಗಳನ್ನು ಈ ಬಗೆಯ ಲೇಖನಗಳಲ್ಲಿ ಹಗುರಾಗಿ ದಾಟಿಸುವುದು ರೂಢಿ. ಹಾಗೆ ಮಾಡಲಾರೆ. ಉತ್ಖನನಕ್ಕೆ ಬರುತ್ತಿದ್ದ ನೆರವು ನಿಂತಿತು; ಅಗೆದ ಗುಳಿಗಳನ್ನು ಮರಳು ತುಂಬಿ ಮುಚ್ಚಿದೆವು. ವಿಭಾಗದ ಮುಖ್ಯಸ್ಥರಾಗಿ ಬೇರೊಬ್ಬರು ಆಯ್ಕೆಯಾದರು. ಇಬ್ಬರು ವಿದ್ಯಾರ್ಥಿಗಳು ಮಾರ್ಗದರ್ಶಕರನ್ನು ಬದಲಿಸಿಕೊಂಡರು. ಎಲಿಶೆವ ಅವರು ಆ ಇಬ್ಬರನ್ನೂ ಕರೆದು, ಹೊಸ ಮಾರ್ಗದರ್ಶಕರಿಗೆ ಶಿಫಾರಸು ಪತ್ರ ತಾವೇ ಬರೆದುಕೊಟ್ಟರು. ನೆಲದಲ್ಲಿ ಸಿಗದ್ದೆಲ್ಲ ಕಟ್ಟುಕತೆಯೆನ್ನುವ ಇನ್ನೊಂದು ಪಕ್ಷದ ವಿದ್ವಾಂಸರೊಬ್ಬರು ಹೊರದೇಶದಿಂದ ಉತ್ಸಾಹದ ಕಾಗದ ಬರೆದು, ಆ ಕಾಲದಲ್ಲಿ ರಾಜ್ಯವೇ ಇರಲಿಲ್ಲವೆಂದು ಜಂಟಿ ಲೇಖನ ಬರೆಯೋಣವೆಂದು ಕರೆದರು. ಎಲಿಶೆವ ಅವರ ಮಾರುತ್ತರ ಒಂದೇ ಸಾಲು: ಈ ಭರಣಿ ರಾಜನಿದ್ದನೆಂದೂ ಹೇಳುವುದಿಲ್ಲ, ಇರಲಿಲ್ಲವೆಂದೂ ಹೇಳುವುದಿಲ್ಲ. ಹೀಗೆ ಇದ್ದ ಇನ್ನೊಂದು ಬಾಗಿಲನ್ನೂ ಮುಚ್ಚಿಕೊಂಡರು. ತಿದ್ದುಪಡಿಯ ಲೇಖನ ಆ ಬೇಸಿಗೆಯಲ್ಲಿ ಅಚ್ಚಾಯಿತು. ಕೂಡುಚೂರನ್ನು ಗುರುತಿಸಿದವರು ನಫ್ತಾಲಿ ದಾನೊಖ್, ಫೆಬ್ರವರಿ ೨ ಎಂದು ಮೊದಲ ಅಡಿಟಿಪ್ಪಣಿಯಲ್ಲಿತ್ತು. ಆ ತಾರೀಖನ್ನು ಓದುವಾಗಲೆಲ್ಲ ನನಗೆ ಕಿವಿ ಬಿಸಿಯಾಗುತ್ತದೆ.

೨೦೦೩ರಲ್ಲಿ ನನ್ನ ತಂದೆ ತೀರಿಕೊಂಡಾಗ, ನೆಲಕ್ಕೆ ಕೂತು ಶೋಕ ಆಚರಿಸುವ ಏಳು ದಿನಗಳಲ್ಲಿ, ವಿಶ್ರಾಂತಿಯ ದಿನವಾದ ಶಬ್ಬಾತ್ ಒಂದನ್ನು ಬಿಟ್ಟು ಮಿಕ್ಕೆಲ್ಲ ದಿನವೂ ಅವರು ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದರು. ಬರುವಾಗ ಬೇಳೆಯ ಸಾರಿನ ಪಾತ್ರೆ ತರುತ್ತಿದ್ದರು. ನಾನಾಗಿ ಮಾತಾಡುವ ತನಕ ಸುಮ್ಮನೆ ಕೂತಿರುತ್ತಿದ್ದರು. ಕೊನೆಯ ದಿನ ಎದ್ದು ಹೊರಡುವಾಗ ಚೀಲದಿಂದ ನನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನು ತೆಗೆದುಕೊಟ್ಟರು. ಪುಟಪುಟವೂ ಕೆಂಪು. “ನಾಳೆಯಿಂದ ಏಳಬೇಕು ನೀನು,” ಎಂದರು. ಇದನ್ನು ಕೆಲವರು ಒರಟುತನ ಎನ್ನಬಹುದು. ನಾನು ಎದ್ದದ್ದು ಅದರಿಂದಲೇ.

ದೋಷಗಳನ್ನೂ ಹೇಳಬೇಕಲ್ಲ. ಅವರು ಪ್ರಬಂಧಗಳನ್ನು ಎಂದೂ ಸಕಾಲಕ್ಕೆ ಹಿಂದಿರುಗಿಸಿದವರಲ್ಲ, ಸಭೆಗಳಲ್ಲಿ ನಿದ್ರಿಸುತ್ತಿದ್ದರು, ಮದುವೆಯ ಕರೆಯೋಲೆಯಲ್ಲೂ ವ್ಯಾಕರಣ ತಿದ್ದಿ ಕಳಿಸುತ್ತಿದ್ದರು. ನನ್ನ ಮದುವೆಯದರಲ್ಲಿ ಮೂರು ತಪ್ಪು ಸಿಕ್ಕಿದ್ದವು.

ಎನ್ ಖರೂವ್ ಊರಿನೊಂದಿಗಿನ ಮುನಿಸು ಎಂಟು ವರ್ಷ ನಡೆಯಿತು. ರಖಾಮಿಮ್ ಹಬ್ಬಕ್ಕೆ ಶುಭಾಶಯವನ್ನೂ ಹೇಳುತ್ತಿರಲಿಲ್ಲ. ೨೦೦೭ರಲ್ಲಿ ಒಂದು ಮಧ್ಯಾಹ್ನ ವಿಭಾಗಕ್ಕೆ ಅವರ ಫೋನು ಬಂತು, ಎತ್ತಿಕೊಟ್ಟವನು ನಾನೇ. ಮೊಮ್ಮಗನಿಗೆ ಸುನ್ನತಿ, ಗುರುವಾರ ಬರಬೇಕು ಎಂದರಂತೆ. ನಾವಿಬ್ಬರೂ ಹೋದೆವು. ಮಂದಿರದಲ್ಲಿ ಮಗುವನ್ನು ಎತ್ತಿ ಹಿಡಿದು ಹೆಸರು ಕೂಗಿದರು. ಮಗುವಿನ ಹೆಸರು ಮಲ್ಕೀಯ.

“ನೀನು ಇಟ್ಟ ಹೆಸರಾ ಇದು?” ಎಂದು ಎಲಿಶೆವ ಅವರು ಊಟದ ಹೊತ್ತಿನಲ್ಲಿ ಕೇಳಿದರು.

“ನಾನ್ಯಾಕೆ ಇಡ್ಲಿ? ಮಗಳು ಇಟ್ಳು. ನಂಗೆ ರಾಜನ ಹೆಸರೇ ಬೇಕಿತ್ತು,” ಎಂದರು ರಖಾಮಿಮ್, ಅವರ ತಟ್ಟೆಗೆ ಮೀನಿನ ಇನ್ನೊಂದು ತುಂಡು ಬಡಿಸುತ್ತ. “ತಿನ್ನು. ಬಸ್ಸು ಈಗ್ಲೂ ಎರಡೇ. ಐದೂವರೆಗೆ ಕೊನೇದು.”

ಉತ್ಖನನ ನಿಂತ ವರ್ಷವೇ ಎಲಿಶೆವ ಅವರು ಹೊಸ ಕೆಲಸವೊಂದನ್ನು ಹಿಡಿದಿದ್ದರು. ರಾಜರದಲ್ಲ, ಪ್ರವಾದಿಗಳದಲ್ಲ, ಮಡಕೆ, ಮುದ್ರೆ, ತೂಕದ ಕಲ್ಲು, ಗೋರಿಯ ಗೋಡೆಗಳ ಮೇಲೆ ಉಳಿದಿರುವ, ಆ ಕಾಲದ ಸಾಮಾನ್ಯ ಜನರ ಹೆಸರುಗಳ ಕೋಶ. ಯಾರ ಮಗ, ಯಾರ ಮಗಳು, ಯಾವ ಊರು, ಹೆಸರಿನೊಳಗೆ ಯಾವ ದೇವರು, ಓದು ಎಷ್ಟು ಖಚಿತ, ಎಷ್ಟು ಅನುಮಾನ. ಬಾಬೆಲಿನಿಂದ ಹಿಂದಿರುಗಿದವರ ತನಕ ನಾಲ್ಕು ಸಾವಿರ ಜನ ಅದರಲ್ಲಿ ಈಗಾಗಲೇ ಸೇರಿದ್ದಾರೆ. ಈ ಜನದ ನಂಬಿಕೆ ಹೇಗೆ ಬದಲಾಯಿತೆಂಬುದನ್ನು ತಲೆಮಾರಿನಿಂದ ತಲೆಮಾರಿಗೆ, ತಾಯಂದಿರು ಮಕ್ಕಳಿಗಿಟ್ಟ ಹೆಸರುಗಳಲ್ಲೇ ಕಾಣಬಹುದೆಂಬ ಅವರ ಮಾತನ್ನು ಇಂದು ಎರಡು ಪಕ್ಷದವರೂ ಒಪ್ಪುತ್ತಾರೆ. ಒಪ್ಪಿಯೂ ಅವರ ಹೆಸರು ಹೇಳುವುದನ್ನು ಆಗಾಗ ಮರೆಯುತ್ತಾರೆ.

ಕಳೆದ ತಿಂಗಳು ಈ ಸಂಪುಟದ ವಿಷಯ ತಿಳಿಸಲು ಅವರ ಮನೆಗೆ ಹೋಗಿದ್ದೆ. ಕೋಶದಲ್ಲಿ ಆಗ ತಾನೆ ನೂನ್ ಅಕ್ಷರ ಮುಗಿದಿತ್ತು, ಹೀಬ್ರೂ ಅಕ್ಷರಮಾಲೆಯ ಇಪ್ಪತ್ತೆರಡರಲ್ಲಿ ಹದಿನಾಲ್ಕನೆಯದು. ನಮ್ಮವರು ಹಿರಿಯರಿಗೆ ಹಾರೈಸುವಂತೆ ನೂರಿಪ್ಪತ್ತು ವರ್ಷ ಬಾಳಿರೆಂದು ವಿಭಾಗದ ಎಲ್ಲರ ಪರವಾಗಿ ಹಾರೈಸಿದೆ. ಈ ಲೇಖನವನ್ನೂ ಅದೇ ಹಾರೈಕೆಯಿಂದ ಮುಗಿಸುವುದು ನನ್ನ ಉದ್ದೇಶವಾಗಿತ್ತು. ಅವರು ಬೆರಳು ಮಡಿಸಿ ಎಣಿಸತೊಡಗಿದರು.

“ಉಳಿದಿರೋದು ಎಂಟು ಅಕ್ಷರ. ಒಂದಕ್ಕೆ ಎರಡು ವರ್ಷ ಅಂತ ಇಟ್ಕೋ, ಹದಿನಾರು. ಈಗ ಅರವತ್ತೆಂಟು. ಅಲ್ಲಿಗೆ ಎಂಬತ್ನಾಲ್ಕಾಯ್ತು.”

“ಮತ್ತೆ ಮಿಕ್ಕ ಮೂವತ್ತಾರು ವರ್ಷ?” ಎಂದೆ.

“ತಪ್ಪು ತಿದ್ದೋಕೆ ಬೇಕಲ್ಲಪ್ಪಾ.”